ರೈಡಿಂಗ್ ಮೋವರ್: ಎರಡನೆಯ ಬೆಲ್ಟೂ ಮೂರೇ ವಾರದಲ್ಲಿ ಹರಿಯಿತು

ಕೆಂಪುಮಣ್ಣು (ರಾಲಿಯ ಹೊರವಲಯ, ಉತ್ತರ ಕ್ಯಾರೊಲಿನಾ) | ಶನಿವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದ ಹಿಂದೆ ಒಂದೂಕಾಲು ಎಕರೆ ಜಾಗವಿರುವ ಮನೆಗೆ ಬಂದೆವು. ಹಿಂದಿನ ಮಾಲೀಕರು ಮನೆಯ ಜೊತೆಗೆ ತಮ್ಮ ರೈಡಿಂಗ್ ಮೋವರನ್ನೂ (ಮೇಲೆ ಕೂತು ಓಡಿಸುವ, ಹುಲ್ಲು ಕತ್ತರಿಸುವ ಗಾಡಿ) ನಮಗೇ ಮಾರಿದರು. 42 ಇಂಚಿನ ಡೆಕ್ (ಬ್ಲೇಡುಗಳಿರುವ ಕೆಳಭಾಗ), ಎಣ್ಣೆಯ ಒತ್ತಡದಿಂದ ಚಕ್ರ ತಿರುಗಿಸುವ ಹೈಡ್ರೋಸ್ಟ್ಯಾಟಿಕ್ ಗೇರುಪೆಟ್ಟಿಗೆ, ಹನ್ನೆರಡು ವರ್ಷ ಹಳೆಯದು. ಗಂಟೆ ಮೀಟರಿನಲ್ಲಿ ಈಗ 391 ಇದೆ.

ಮಾರ್ಚ್ ತಿಂಗಳಲ್ಲಿ ಹಿತ್ತಲಿನ ಏರಿನಲ್ಲಿ ಹುಲ್ಲು ಕತ್ತರಿಸುತ್ತಿದ್ದಾಗ ರಬ್ಬರ್ ಸುಟ್ಟ ವಾಸನೆ ಬಂತು. ಎರಡು ನಿಮಿಷದಲ್ಲಿ ಗಾಡಿ ನಿಂತಿತು. ಎಂಜಿನ್ ಓಡುತ್ತಿತ್ತು, ಬ್ಲೇಡುಗಳೂ ತಿರುಗುತ್ತಿದ್ದವು, ಚಕ್ರ ಮಾತ್ರ ಉರುಳಲಿಲ್ಲ. ಕೆಳಗೆ ಬಗ್ಗಿ ನೋಡಿದರೆ ಬೆಲ್ಟು ಹರಿದು ನೇತಾಡುತ್ತಿತ್ತು. ಅದನ್ನು ಅಳೆದು, ಅದೇ ಅಗಲದ, ಅದೇ ಉದ್ದದ ಬೆಲ್ಟನ್ನು ಊರಿನ ಅಂಗಡಿಯಿಂದ ತಂದು ನಾನೇ ಹಾಕಿದೆ. ಐದು ಗಂಟೆ ಹಿಡಿಯಿತು. ಮೂರು ವಾರ, ಮೂರು ಸಲ ಹುಲ್ಲು ಕತ್ತರಿಸಿದೆ. ನಿನ್ನೆ ಅದೂ ಹರಿಯಿತು.

ರಿಪೇರಿ ಅಂಗಡಿಯೊಂದರಲ್ಲಿ ಕೇಳಿದೆ. ಗಾಡಿ ಒಯ್ದು ತರುವ ಖರ್ಚು ಸೇರಿ 280 ಡಾಲರ್, ಅದೂ ಮೂರು ವಾರ ಕಾಯಬೇಕು ಎಂದರು. ಇಲ್ಲಿ ಏಪ್ರಿಲ್‌ನಲ್ಲಿ ಫೆಸ್ಕ್ಯೂ ಹುಲ್ಲು ಕಣ್ಣೆದುರೇ ಬೆಳೆಯುತ್ತದೆ. ಬಡಾವಣೆಯ ಸಂಘದಿಂದ ಆಗಲೇ ಒಂದು ಪತ್ರ ಬಂದಿದೆ. ಹೆಚ್ಚು ಗಟ್ಟಿಯಾದ ಬೆಲ್ಟು ಯಾವುದು ಎಂದು ತಿಳಿದವರು ಹೇಳಿದರೆ ಈ ವಾರವೇ ಹಾಕುತ್ತೇನೆ.

ಗ್ಯಾರೇಜಿನವ (ಮಿಶಿಗನ್) | ಶನಿವಾರ

ಗಟ್ಟಿ ಬೆಲ್ಟಿನ ವಿಚಾರ ಆಮೇಲೆ ನೋಡೋಣ. ಮೂರು ಗಂಟೆಯ ಕೆಲಸಕ್ಕೆ ಹೊಸ ಬೆಲ್ಟು ಸಾಯುವುದಿಲ್ಲ. ಅದನ್ನು ಏನೋ ಕೊಂದಿದೆ. ಆ ಕಾರಣ ಸಿಗದೆ ಮೂರನೆಯದನ್ನು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಹರಿದ ಎರಡೂ ಬೆಲ್ಟುಗಳನ್ನು ಎಸೆದಿಲ್ಲ ತಾನೆ? ಬಿಸಿಲಿಗೆ ಹಿಡಿದು ನಿಧಾನವಾಗಿ ನೋಡಿ. ಇಳಿಜಾರಾದ ಎರಡು ಪಕ್ಕಗಳು ಗಾಜಿನಂತೆ ಹೊಳೆಯುತ್ತಿವೆಯೇ? ಕಿರಿದಾದ ತಳಭಾಗದಲ್ಲಿ ಉಜ್ಜಿದ ಗುರುತಿದೆಯೇ? ಅಗಲವಾದ ಬೆನ್ನಿನ ಕಡೆ ಸುಟ್ಟಿದೆಯೇ? ಒಂದೇ ಪಕ್ಕ ಸವೆದಿದೆಯೇ? ಎಣ್ಣೆ ಕುಡಿದು ಉಬ್ಬಿ ಮೆತ್ತಗಾಗಿದೆಯೇ? ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ಬೇರೆ ಅರ್ಥವಿದೆ.

ಓದುತ್ತಿರುವ ಉಳಿದವರಿಗೆ ಒಂದು ಮಾತು. ಇಂಥ ಮೋವರುಗಳಲ್ಲಿ ಸಾಮಾನ್ಯವಾಗಿ ಎರಡು ಬೆಲ್ಟುಗಳಿರುತ್ತವೆ. ಎಂಜಿನ್ನಿನ ಕೆಳಗೆ ಚಾಚಿದ ದಂಡದಲ್ಲಿ ಮೇಲಿನ ಪುಲ್ಲಿಯಿಂದ ಹಿಂದಿನ ಗೇರುಪೆಟ್ಟಿಗೆಗೆ ಹೋಗುವುದು ಡ್ರೈವ್ ಬೆಲ್ಟು. ಕೆಳಗಿನ ಪುಲ್ಲಿಯಿಂದ ಡೆಕ್‌ಗೆ ಹೋಗಿ ಬ್ಲೇಡುಗಳನ್ನು ತಿರುಗಿಸುವುದು ಡೆಕ್ ಬೆಲ್ಟು. ಬ್ಲೇಡು ತಿರುಗಿ ಚಕ್ರ ಉರುಳದಿದ್ದರೆ ಡ್ರೈವ್ ಬೆಲ್ಟನ್ನು ನೋಡಬೇಕು. ಚಕ್ರ ಉರುಳಿ ಹುಲ್ಲು ಹಾಗೇ ಉಳಿದರೆ ಡೆಕ್ ಬೆಲ್ಟನ್ನು. ಇವರದು ಮೊದಲನೆಯದು, ಅದರಲ್ಲಿ ಅನುಮಾನವಿಲ್ಲ.

ಟೆಕ್ಸಾಸ್ ಹೊಲ (ಆಸ್ಟಿನ್ ಬಳಿ) | ಶನಿವಾರ

ನನಗೂ ಹೀಗೇ ಆಗಿತ್ತು. ಬೆಲ್ಟು ಜಾರದಂತೆ ಮಾಡುವ ಸ್ಪ್ರೇ ಸಿಗುತ್ತದೆ, ಅದನ್ನು ಹೊಡೆದು ನೋಡಿ. ಕೆಲಸ ಮಾಡಲು ಗಾಡಿಯನ್ನು ಪಕ್ಕಕ್ಕೆ ಮಲಗಿಸಿಕೊಂಡರೆ ಕೈಗೆ ಸಲೀಸು, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ಬೆಟ್ಟದಂಚು (ಪೂರ್ವ ಟೆನೆಸ್ಸಿ) | ಶನಿವಾರ ರಾತ್ರಿ

ದಯವಿಟ್ಟು ಪಕ್ಕಕ್ಕೆ ಮಲಗಿಸಬೇಡಿ. ಟ್ಯಾಂಕಿನಿಂದ ಪೆಟ್ರೋಲ್ ಸೋರುತ್ತದೆ, ಎಂಜಿನ್ ಆಯಿಲ್ ಸಿಲಿಂಡರಿಗೂ ಏರ್ ಫಿಲ್ಟರಿಗೂ ನುಗ್ಗುತ್ತದೆ. ಬ್ಯಾಟರಿಯ ಆಮ್ಲ ಚೆಲ್ಲಿದರೆ ಇನ್ನೂ ಕಷ್ಟ. ಇವೆಲ್ಲಕ್ಕಿಂತ ದೊಡ್ಡ ಭಯವೆಂದರೆ ಇನ್ನೂರು ಕಿಲೋಗೂ ಮೀರಬಹುದಾದ ಯಂತ್ರವೊಂದು ಅಂಚಿನ ಮೇಲೆ ನಿಂತಿರುವಾಗ ನಿಮ್ಮ ಕೈ ಅದರ ಕೆಳಗಿರುತ್ತದೆ. ಮಕ್ಕಳು ಓಡಾಡುವ ಮನೆಗಳಲ್ಲಿ ಇದನ್ನು ಯಾರೂ ಮಾಡಬಾರದು. ಕಾರಿನ ಆಯಿಲ್ ಬದಲಿಸಲು ಬಳಸುವ ಇಳಿಜಾರು ರ‍್ಯಾಂಪುಗಳ ಮೇಲೆ ಮುಂದಿನ ಚಕ್ರ ಹತ್ತಿಸಿ, ಹಿಂದಿನ ಚಕ್ರಗಳಿಗೆ ಕಟ್ಟಿಗೆಯ ತುಂಡು ಕೊಟ್ಟರೆ ಸಾಕಷ್ಟು ಜಾಗ ಸಿಗುತ್ತದೆ.

ಗಿರಣಿ ಮನೆ (ಹಾಸನ ಜಿಲ್ಲೆಯವನು, ಈಗ ಓಹಾಯೋ) | ಭಾನುವಾರ ಬೆಳಿಗ್ಗೆ

ಸ್ಪ್ರೇ ವಿಚಾರಕ್ಕೆ ನಾನೊಂದು ಮಾತು ಸೇರಿಸುತ್ತೇನೆ. ನಮ್ಮ ತಂದೆಯವರು ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಆಗ ನಮ್ಮಲ್ಲಿದ್ದದ್ದು ಚಪ್ಪಟೆ ಪಟ್ಟಾ. ರಾಗಿ ಹಸಿಯಿದ್ದು ಕಲ್ಲು ಬಿಗಿಯಾದಾಗ ಪಟ್ಟಾ ಜಾರುತ್ತಿತ್ತು. ತಂದೆಯವರು ರಾಳದ ಉಂಡೆಯನ್ನು ಪಟ್ಟಾಕ್ಕೆ ಒತ್ತಿ ಹಿಡಿಯುತ್ತಿದ್ದರು, ಅದು ಮತ್ತೆ ಹಿಡಿತಕ್ಕೆ ಬರುತ್ತಿತ್ತು. ಚಪ್ಪಟೆ ಪಟ್ಟಾಕ್ಕೆ ಅದು ಸರಿ, ಏಕೆಂದರೆ ಅದು ಮೇಲ್ಮೈಯ ಅಂಟಿನಿಂದಲೇ ಬದುಕುತ್ತದೆ.

ವಿ ಆಕಾರದ ಬೆಲ್ಟಿನ ಬದುಕು ಬೇರೆ. ಅದು ಬೆಣೆಯಂತೆ ಪುಲ್ಲಿಯ ಜಾಡಿನೊಳಗೆ ಇಳಿದು ಎರಡೂ ಪಕ್ಕಗಳಿಂದ ಹಿಡಿಯುತ್ತದೆ. ಜಾಡಿನ ಕೋನ 38 ಡಿಗ್ರಿಯಷ್ಟು ಇದ್ದರೆ, ಅದೇ ಎಳೆತಕ್ಕೆ ಚಪ್ಪಟೆ ಪಟ್ಟಾಕ್ಕಿಂತ ಸುಮಾರು ಮೂರು ಪಟ್ಟು ಒತ್ತಡ ಪಕ್ಕಗಳ ಮೇಲೆ ಬೀಳುತ್ತದೆ. ಸೌದೆ ಸೀಳುವ ಬೆಣೆ ಹೇಗೆ ಕಚ್ಚಿಕೊಳ್ಳುತ್ತದೆಯೋ ಹಾಗೆ. 1917ರಲ್ಲಿ ಡೆನ್ವರಿನ ಜಾನ್ ಗೇಟ್ಸ್ ಈ ಬೆಲ್ಟನ್ನು ರೂಪಿಸಿದ ಮೇಲೆ ಕಾರ್ಖಾನೆಗಳೂ ಗಿರಣಿಗಳೂ ಒಂದೊಂದಾಗಿ ಇದಕ್ಕೆ ತಿರುಗಿದ್ದು ಇದೇ ಕಾರಣಕ್ಕೆ. ಇಂಥ ಬೆಲ್ಟು ಜಾರುತ್ತಿದೆ ಎಂದರೆ ಬೆಣೆ ಕೂರುತ್ತಿಲ್ಲ ಎಂದು ಅರ್ಥ. ಬೆಲ್ಟು ಸವೆದಿರಬೇಕು, ಉದ್ದವಾಗಿರಬೇಕು, ಇಲ್ಲವೇ ಬಿಗಿ ಮಾಡುವ ಸ್ಪ್ರಿಂಗು ಸೋತಿರಬೇಕು. ಸ್ಪ್ರೇ ಹೊಡೆದರೆ ನಾಲ್ಕು ದಿನ ಶಬ್ದ ನಿಲ್ಲುತ್ತದೆ, ಆ ಅಂಟಿಗೆ ಒಣ ಹುಲ್ಲೂ ಮಣ್ಣೂ ಮೆತ್ತಿಕೊಂಡು ಪುಲ್ಲಿ ಇನ್ನಷ್ಟು ಹಾಳಾಗುತ್ತದೆ.

ಕೆಂಪುಮಣ್ಣು | ಭಾನುವಾರ ಮಧ್ಯಾಹ್ನ

ಎರಡೂ ಬೆಲ್ಟುಗಳನ್ನು ಮೇಜಿನ ಮೇಲೆ ಹಾಕಿಕೊಂಡು ನೋಡಿದೆ. ಪಕ್ಕಗಳು ಸ್ವಲ್ಪ ಹೊಳೆಯುತ್ತಿವೆ. ತಳಭಾಗ ಶುದ್ಧವಾಗಿದೆ. ಎಣ್ಣೆಯ ಸುಳಿವಿಲ್ಲ. ಆದರೆ ಬೆನ್ನು ಎರಡರಲ್ಲೂ ಸುಟ್ಟು ಗಟ್ಟಿಯಾಗಿದೆ, ಉಗುರಿನಿಂದ ಕೆರೆದರೆ ಕರಿ ಪುಡಿ ಉದುರುತ್ತದೆ. ಹರಿದ ಕಡೆ ಒಳಗಿನ ನೂಲುಗಳು ಹೊರಗೆ ಬಂದಿವೆ.

ಗ್ಯಾರೇಜಿನವ | ಭಾನುವಾರ

ಸಿಕ್ಕಿತು. ಬೆಲ್ಟಿನ ಬೆನ್ನನ್ನು ಮುಟ್ಟುವುದು ಚಪ್ಪಟೆ ಐಡ್ಲರ್ ಪುಲ್ಲಿ (ಬೆಲ್ಟನ್ನು ಒತ್ತಿ ಬಿಗಿಯಾಗಿಡುವ ಪುಲ್ಲಿ) ಒಂದೇ. ಎಂಜಿನ್ನಿನ ಪುಲ್ಲಿಯಾಗಲಿ ಗೇರುಪೆಟ್ಟಿಗೆಯ ಪುಲ್ಲಿಯಾಗಲಿ ಬೆನ್ನನ್ನು ಮುಟ್ಟುವುದೇ ಇಲ್ಲ. ಹಾಗಾದರೆ ನಿಮ್ಮ ಚಪ್ಪಟೆ ಐಡ್ಲರ್ ತಿರುಗುತ್ತಿಲ್ಲ. ಕೀಲಿ ತೆಗೆದು, ಸ್ಪಾರ್ಕ್ ಪ್ಲಗ್ಗಿನ ವೈರ್ ಕಳಚಿ, ಕೈಯಿಂದ ಒಂದೊಂದೇ ಪುಲ್ಲಿಯನ್ನು ತಿರುಗಿಸಿ. ಒಳ್ಳೆಯ ಬೇರಿಂಗ್ ಸದ್ದಿಲ್ಲದೆ ಸುತ್ತುತ್ತದೆ. ಗರಗರ ಎಂದರೆ, ಅಲುಗಾಡಿದರೆ, ಅಥವಾ ಅಂಟಿಕೊಂಡಿದ್ದರೆ ಅದು ಹೋಗಿದೆ.

ಇದು ಎಷ್ಟು ಕ್ರೂರವಾದ ಕೆಲಸ ಎಂದು ಒಂದು ಲೆಕ್ಕ ಹಾಕಿ ನೋಡಿ. ಎಂಜಿನ್ ನಿಮಿಷಕ್ಕೆ ಸುಮಾರು 3,300 ಸುತ್ತು ತಿರುಗುತ್ತದೆ ಎಂದುಕೊಳ್ಳಿ, ಅದರ ಪುಲ್ಲಿ 4 ಇಂಚಿನದು ಎಂದುಕೊಳ್ಳಿ. ಆಗ ಬೆಲ್ಟಿನ ವೇಗ ಗಂಟೆಗೆ 60 ಕಿಲೋಮೀಟರ್ ದಾಟುತ್ತದೆ. ಆ ವೇಗದಲ್ಲಿ ಅದು ನಿಂತ ಕಬ್ಬಿಣದ ಮೇಲೆ ಉಜ್ಜಿಕೊಂಡು ಹೋಗುತ್ತಿದೆ. ಯಾವ ರಬ್ಬರ್ ತಾನೆ ಉಳಿದೀತು?

ಕೆಂಪುಮಣ್ಣು | ಭಾನುವಾರ ಸಂಜೆ

ನೀವು ಹೇಳಿದಂತೆಯೇ ಇದೆ. ಚಪ್ಪಟೆ ಪುಲ್ಲಿ ಎರಡು ಕೈಗಳಿಂದ ತಿರುಗಿಸಿದರೂ ಕದಲಲಿಲ್ಲ. ಮುಖದ ಮೇಲೆ ನೀಲಿ ಕಲೆ ಬಿದ್ದಿದೆ, ಬೇರಿಂಗಿನ ಸುತ್ತ ಕೆಂಪು ತುಕ್ಕಿನ ಪುಡಿ. ಜಾಡಿರುವ ಇನ್ನೊಂದು ಐಡ್ಲರ್ ತಿರುಗುತ್ತದೆ, ಆದರೆ ಗರಗರ ಎನ್ನುತ್ತದೆ. ಮೊದಲ ಸಲ ಬೆಲ್ಟು ಹಾಕುವಾಗ ನಾನು ಇವುಗಳನ್ನು ತಿರುಗಿಸಿ ನೋಡಲೇ ಇಲ್ಲ.

ಕಾರಣವೂ ಹೊಳೆಯುತ್ತಿದೆ. ಕಳೆದ ವರ್ಷವೆಲ್ಲ ಹುಲ್ಲು ಕತ್ತರಿಸಿದ ಮೇಲೆ ಒತ್ತಡದ ನೀರಿನ ಯಂತ್ರದಿಂದ ಗಾಡಿಯ ಕೆಳಭಾಗ ತೊಳೆಯುತ್ತಿದ್ದೆ. ಇಲ್ಲಿನ ಮಣ್ಣು ನಮ್ಮ ಕೋಲಾರದ ಮಣ್ಣಿನಷ್ಟೇ ಕೆಂಪು, ಮೆತ್ತಿಕೊಂಡರೆ ಬಿಡುವುದಿಲ್ಲ.

ಗಿರಣಿ ಮನೆ | ಭಾನುವಾರ ರಾತ್ರಿ

ಅದೇ ಕಾರಣವಿರಬಹುದು. ಬೇರಿಂಗಿನ ಪಕ್ಕದ ರಬ್ಬರ್ ಸೀಲು ದೂಳು ತಡೆಯಲು ಇರುವುದು, ಅಂಥ ಒತ್ತಡದ ನೀರನ್ನು ತಡೆಯಲು ಅಲ್ಲ. ನೀರು ಒಳಗೆ ಹೋದರೆ ಗ್ರೀಸ್ ತೊಳೆದುಹೋಗುತ್ತದೆ. ಇನ್ನು ಮುಂದೆ ಹುಲ್ಲು ಒಣಗಲು ಬಿಟ್ಟು ಮರದ ಪಟ್ಟಿಯಿಂದ ಕೆರೆದು ತೆಗೆಯಿರಿ, ಉಳಿದದ್ದನ್ನು ಗಾಳಿಯಿಂದ ಊದಿ.

ಪುಲ್ಲಿ ಪೂರ್ತಿ ಕೊಳ್ಳುವ ಅಗತ್ಯವಿಲ್ಲ. ಬೇರಿಂಗಿನ ಮೇಲೆ ಸಂಖ್ಯೆ ಬರೆದಿರುತ್ತದೆ. ಇಂಥ ಪುಲ್ಲಿಗಳಲ್ಲಿ 6203 ಬಹಳ ಸಾಮಾನ್ಯ: 17 ಮಿಲಿಮೀಟರ್ ಒಳವ್ಯಾಸ, 40 ಹೊರವ್ಯಾಸ, 12 ದಪ್ಪ. ಹಾಸನದಲ್ಲೂ ಸಿಗುತ್ತದೆ, ಓಹಾಯೋದಲ್ಲೂ ಸಿಗುತ್ತದೆ. ಹಳೆಯದನ್ನು ಒತ್ತಿ ತೆಗೆದು ಹೊಸದನ್ನು ಕೂರಿಸಿದರಾಯಿತು.

ಗ್ಯಾರೇಜಿನವ | ಸೋಮವಾರ

ಹಿರಿಯರ ಮಾತಿಗೆ ಗೌರವವಿದೆ, ಆದರೆ ಇಲ್ಲಿ ನನಗೆ ಒಪ್ಪಿಗೆಯಿಲ್ಲ. ಗಿರಣಿಯ ಎರಕದ ಪುಲ್ಲಿಯಲ್ಲಿ ಅದು ಸಾಧ್ಯ. ಮೋವರಿನ ಅಗ್ಗದ ಐಡ್ಲರ್ ಎಂದರೆ ಎರಡು ತಗಡಿನ ತಟ್ಟೆಗಳನ್ನು ಬೇರಿಂಗಿನ ಸುತ್ತ ಒತ್ತಿ ಸೇರಿಸಿದ್ದು. ಅದನ್ನು ಬಿಡಿಸಿ ಮತ್ತೆ ಕೂರಿಸಿದರೆ ಪುಲ್ಲಿ ನೇರವಾಗಿ ತಿರುಗುವ ಭರವಸೆಯಿಲ್ಲ, ಬೆಲ್ಟು ಒಂದು ಪಕ್ಕಕ್ಕೆ ಸವೆಯುತ್ತದೆ. ಜೊತೆಗೆ ಇವರ ಪುಲ್ಲಿಯ ಮುಖ ಶಾಖಕ್ಕೆ ನೀಲಿಯಾಗಿದೆ. ಎರಡೂ ಐಡ್ಲರುಗಳನ್ನು ಪೂರ್ತಿ ಬದಲಿಸಿ ಎನ್ನುತ್ತೇನೆ.

ಗಿರಣಿ ಮನೆ | ಸೋಮವಾರ

ತಗಡಿನದಾದರೆ ನಿಮ್ಮ ಮಾತೇ ಸರಿ. ನನ್ನ ಹಳೆಯ ಗಾಡಿಯಲ್ಲಿ ಎರಕದ್ದಿತ್ತು, ಆ ನೆನಪಿನಲ್ಲಿ ಹೇಳಿದೆ. ಕೊಳ್ಳುವ ಮುನ್ನ ಅಂಚಿನಲ್ಲಿ ಮಡಿಕೆಯಿದೆಯೇ ಎಂದು ನೋಡಿಕೊಳ್ಳಲಿ.

ಡೆಲವೇರ್ ಕನ್ನಡತಿ | ಸೋಮವಾರ ರಾತ್ರಿ

ಬೆಲ್ಟಿನ ಬಗ್ಗೆಯೂ ಕೇಳಿದ್ದರಲ್ಲ. ನೀವು ತಂದ ಬೆಲ್ಟಿನ ಮೇಲೆ ಏನು ಅಚ್ಚಾಗಿದೆ? ಒಳಗಿನಿಂದ ಬಂದ ನೂಲಿನ ಬಣ್ಣ ಯಾವುದು?

ಕೆಂಪುಮಣ್ಣು | ಸೋಮವಾರ ರಾತ್ರಿ

ಎ93 ಎಂದಿದೆ. ಹಳೆಯ ಬೆಲ್ಟನ್ನು ಹೊರಗಿನಿಂದ ಅಳೆದಾಗ 93 ಇಂಚು ಬಂದಿತ್ತು, ಹಾಗಾಗಿ ಅದನ್ನೇ ತಂದೆ. ನೂಲು ಬಿಳಿ. ಮೊದಲ ಬೆಲ್ಟಿನದು ಹಳದಿ.

ಡೆಲವೇರ್ ಕನ್ನಡತಿ | ಮಂಗಳವಾರ

ಇಲ್ಲಿ ಎರಡು ತಪ್ಪುಗಳು ಸೇರಿಕೊಂಡಿವೆ, ಎರಡೂ ಅಂಗಡಿಯಲ್ಲಿ ಯಾರಿಗಾದರೂ ಆಗುವಂಥವು.

ಮೊದಲನೆಯದು ಅಳತೆ. ಎ ಎಂದು ಶುರುವಾಗುವ ಬೆಲ್ಟಿನ ಸಂಖ್ಯೆ ಒಳಸುತ್ತಳತೆಯನ್ನು ಹೇಳುತ್ತದೆ. ಹೊರಸುತ್ತಳತೆ ಅದಕ್ಕಿಂತ ಸುಮಾರು 2 ಇಂಚು ಹೆಚ್ಚು. 4ಎಲ್ ಎಂದು ಶುರುವಾಗುವವುಗಳಲ್ಲಿ ಸಂಖ್ಯೆ ಹೊರಸುತ್ತಳತೆಯದು, ಇಂಚಿನ ಹತ್ತನೆಯ ಭಾಗದಲ್ಲಿ. 4ಎಲ್930 ಎಂದರೆ ಹೊರಗಿನಿಂದ 93 ಇಂಚು. ಎರಡರ ಅಗಲವೂ ಅರ್ಧ ಇಂಚೇ, ಆದ್ದರಿಂದ ಕೈಯಲ್ಲಿ ಹಿಡಿದರೆ ಒಂದೇ ಥರ ಕಾಣುತ್ತವೆ. ನಿಮಗೆ ಸಿಕ್ಕಿದ್ದು 95 ಇಂಚಿನದು. ಅದೂ ಅಲ್ಲದೆ ನೀವು ಅಳೆದದ್ದು ಹರಿದು ಸವೆದ ಬೆಲ್ಟು, ಅದು ಹೊಸತಾಗಿದ್ದಾಗ ಎಷ್ಟಿತ್ತು ಎಂದು ಆ ಅಳತೆ ಹೇಳುವುದಿಲ್ಲ. ಟೇಪು ಬದಿಗಿಡಿ. ಹೆಚ್ಚಿನ ಯಂತ್ರಗಳಲ್ಲಿ ಆಸನದ ಕೆಳಗೆ ಮಾದರಿ ಸಂಖ್ಯೆಯ ಚೀಟಿ ಇರುತ್ತದೆ. ಆ ಸಂಖ್ಯೆಯಿಂದ ಬಿಡಿಭಾಗದ ಪಟ್ಟಿ ಹುಡುಕಿ, ಪಟ್ಟಿಯಲ್ಲಿರುವ ಸಂಖ್ಯೆಯ ಬೆಲ್ಟನ್ನೇ ತರಿಸಿ.

ಎರಡನೆಯದು ನೂಲು. ಬಿಳಿ ನೂಲು ಪಾಲಿಯೆಸ್ಟರ್ ಇರಬೇಕು. ಹಳದಿಯದು ಅರಾಮಿಡ್, ಅಂದರೆ ಕೆವ್ಲಾರ್ ಜಾತಿಯದು. ನಾನಿರುವ ವಿಲ್ಮಿಂಗ್ಟನ್ನಿನಲ್ಲೇ 1965ರಲ್ಲಿ ಡುಪಾಂಟ್ ಸಂಸ್ಥೆಯ ರಸಾಯನ ವಿಜ್ಞಾನಿ ಸ್ಟೆಫನಿ ಕ್ವೊಲೆಕ್ ಕೆವ್ಲಾರಿಗೆ ದಾರಿಮಾಡಿದ ನಾರನ್ನು ಕಂಡುಹಿಡಿದರು. ಗುಂಡು ತಡೆಯುವ ಅಂಗಿಯಿಂದ ಅದು ಹೆಸರಾಯಿತು, ಆದರೆ ಅವರ ತಂಡ ಹುಡುಕುತ್ತಿದ್ದುದು ಟೈರಿಗೆ ಬೇಕಾದ ಹಗುರ, ಗಟ್ಟಿ ನಾರು. ನಿಮ್ಮ ಬೆಲ್ಟಿನೊಳಗೆ ಅದು ಮಾಡುವ ಕೆಲಸ ಆ ಮೂಲ ಉದ್ದೇಶಕ್ಕೆ ಬಹಳ ಹತ್ತಿರ. ಹಲವು ಮೋವರುಗಳಲ್ಲಿ ಬ್ರೇಕ್ ಪೆಡಲ್ ಒತ್ತಿದಾಗಲೆಲ್ಲ ಬೆಲ್ಟು ಸಡಿಲವಾಗುತ್ತದೆ, ಬಿಟ್ಟಾಗ ಜಾರುತ್ತಾ ಬಿಗಿಯಾಗುತ್ತದೆ. ಬೆಲ್ಟೇ ಕ್ಲಚ್ಚಿನ ಕೆಲಸವನ್ನೂ ಮಾಡುತ್ತದೆ ಎನ್ನಬಹುದು. ಆ ಜಾರಾಟವನ್ನು ತಾಳಿಕೊಳ್ಳಲೆಂದೇ ಇವುಗಳಿಗೆ ಸುತ್ತಲೂ ಬಟ್ಟೆಯ ಹೊದಿಕೆ ಇರುತ್ತದೆ. ಇಂಥ ಕೆಲಸಕ್ಕೆ ಮಾಡದ ಸಾಮಾನ್ಯ ಬೆಲ್ಟು ಬೇಗ ಎಳೆದುಕೊಂಡು ಉದ್ದವಾಗುತ್ತದೆ.

ಕೆಂಪುಮಣ್ಣು | ಮಂಗಳವಾರ

ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ, ತುಂಬ ಧನ್ಯವಾದ. ಪಟ್ಟಿ ನೋಡಿ ಬೆಲ್ಟು, ಎರಡು ಐಡ್ಲರ್, ಒಂದು ಸ್ಪ್ರಿಂಗು ತರಿಸಿದ್ದೇನೆ. ಒಟ್ಟು 71 ಡಾಲರ್. ಶುಕ್ರವಾರ ಬರುತ್ತವೆ. ಕಳೆದ ಸಲ ಐದು ಗಂಟೆ ಹಿಡಿದದ್ದು ಗೇರುಪೆಟ್ಟಿಗೆಯ ಮೇಲಿನ ಫ್ಯಾನಿನಿಂದ. ಬೆಲ್ಟು ಅದರ ರೆಕ್ಕೆಗಳನ್ನು ದಾಟುವುದೇ ಇಲ್ಲ. ಯಾರಾದರೂ ಕ್ರಮ ಹೇಳುವಿರಾ?

ಬೆಟ್ಟದಂಚು | ಬುಧವಾರ ರಾತ್ರಿ

ನಾನು ಇದನ್ನು ಮೂರು ಸಲ ಮಾಡಿದ್ದೇನೆ. ನಮ್ಮ ಮನೆಯ ಮೋವರ್ ನನ್ನ ಪಾಲಿನ ಕೆಲಸ, ಯಜಮಾನರದು ತರಕಾರಿ ತೋಟ. ನಿಮ್ಮ ಯಂತ್ರದ ವಿನ್ಯಾಸವೂ ನಮ್ಮದರಂತೆಯೇ ಕಾಣುತ್ತದೆ, ಆದರೂ ಪುಸ್ತಕದ ಚಿತ್ರವನ್ನು ಪಕ್ಕದಲ್ಲಿಟ್ಟುಕೊಳ್ಳಿ.

ಸಮತಟ್ಟಾದ ಕಾಂಕ್ರೀಟಿನ ಮೇಲೆ ನಿಲ್ಲಿಸಿ. ಎಂಜಿನ್ ಪೂರ್ತಿ ತಣ್ಣಗಾಗಲಿ. ಸ್ಪಾರ್ಕ್ ಪ್ಲಗ್ಗಿನ ವೈರನ್ನೂ ಬ್ಯಾಟರಿಯ ಮೈನಸ್ ತಂತಿಯನ್ನೂ ಬಿಚ್ಚಿ. ಪಾರ್ಕಿಂಗ್ ಬ್ರೇಕ್ ಹಾಕಿ. ಇದು ಗಾಡಿ ಉರುಳದಿರಲಿ ಎಂದಷ್ಟೇ ಅಲ್ಲ: ನಮ್ಮ ಮಾದರಿಯಲ್ಲಿ ಬ್ರೇಕ್ ಪೆಡಲ್ ಒತ್ತಿದ ಸ್ಥಿತಿಯಲ್ಲಿ ಐಡ್ಲರಿನ ಬಿಗಿ ಇಳಿದು ಬೆಲ್ಟು ಸಡಿಲವಾಗುತ್ತದೆ. ಇದು ತಿಳಿಯದೆ ನಾನು ಮೊದಲ ಸಲ ಸ್ಪ್ರಿಂಗನ್ನು ಇಕ್ಕಳದಿಂದ ಎಳೆಯುತ್ತಾ ಒಂದು ಗಂಟೆ ಕಳೆದೆ.

ನಂತರ ಡೆಕ್. ಅದನ್ನು ತೆಗೆಯದೆಯೂ ಬೆಲ್ಟು ಹಾಕಬಹುದು ಎನ್ನುವವರಿದ್ದಾರೆ, ನನ್ನ ಅನುಭವದಲ್ಲಿ ಡೆಕ್ ತೆಗೆಯುವ ಇಪ್ಪತ್ತು ನಿಮಿಷ ಎರಡು ಗಂಟೆ ಉಳಿಸುತ್ತದೆ. ಲಿವರನ್ನು ಅತ್ಯಂತ ಕೆಳಗಿಳಿಸಿ, ಡೆಕ್ ಬೆಲ್ಟನ್ನು ಎಂಜಿನ್ನಿನ ಕೆಳಗಿನ ಪುಲ್ಲಿಯಿಂದ ಬಿಡಿಸಿ, ಕೊಂಡಿಗಳ ಕಾಟರ್ ಪಿನ್ನುಗಳನ್ನು ಒಂದು ಬಟ್ಟಲಿಗೆ ಹಾಕಿ, ಡೆಕ್ಕನ್ನು ಬಲಗಡೆಯಿಂದ ಎಳೆದು ತೆಗೆಯಿರಿ. ಒಂದು ಎಚ್ಚರ: ಹಿಂದಿನ ಕೊಂಡಿಗಳು ಕಳಚಿದ ಮೇಲೆ ಎತ್ತುವ ಲಿವರಿನಲ್ಲಿ ಸ್ಪ್ರಿಂಗಿನ ಬಲ ಮಾತ್ರ ಉಳಿಯುತ್ತದೆ. ಗಟ್ಟಿಯಾಗಿ ಹಿಡಿಯದೆ ಅದನ್ನು ಜರುಗಿಸಿದರೆ ಮೊಣಕೈಗೆ ಹೊಡೆಯುತ್ತದೆ.

ಈಗ ಕೆಳಗೆ ಮಲಗಿ, ಹಳೆಯ ಬೆಲ್ಟು ಅಲ್ಲೇ ಇದ್ದರೆ ನಾಲ್ಕೂ ಕಡೆಯಿಂದ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ನಿಮ್ಮದು ಹರಿದಿರುವುದರಿಂದ ಪುಸ್ತಕದ ಚಿತ್ರವೇ ಗತಿ. ಎಂಜಿನ್ನಿನ ಕೆಳಗಿನ ದಂಡದಲ್ಲಿದ್ದು ಬ್ಲೇಡುಗಳನ್ನು ಓಡಿಸಿ ನಿಲ್ಲಿಸುವ ವಿದ್ಯುತ್ ಕ್ಲಚ್ಚಿಗೆ ಬರುವ ವೈರಿನ ಪ್ಲಗ್ ಬಿಡಿಸಿ. ಹೊಸ ಐಡ್ಲರುಗಳನ್ನು ಈಗಲೇ ಹಾಕಿಬಿಡಿ. ಯಾವುದು ಚಪ್ಪಟೆಯದು, ಯಾವುದು ಜಾಡಿನದು ಎಂದು ಅದಲುಬದಲಾಗದಂತೆ ಒಂದನ್ನು ಮುಗಿಸಿ ಇನ್ನೊಂದನ್ನು ಬಿಚ್ಚಿ.

ಬೆಲ್ಟು ಹಾಕುವಾಗ ಹಿಂದಿನಿಂದ ಮುಂದಕ್ಕೆ ಕೊಂಡೊಯ್ಯಿರಿ. ಮುಂದೆ ಸ್ಟೀರಿಂಗಿನ ತಗಡಿನ ಮೇಲಿಂದ ಹಾಯಿಸಿ, ಕ್ಲಚ್ಚಿನ ಸುತ್ತಲಿಂದ ದಾಟಿಸಿ ಎಂಜಿನ್ನಿನ ಮೇಲಿನ ಪುಲ್ಲಿಗೆ ಏರಿಸಿ. ಕ್ಲಚ್ಚು ತಿರುಗದಂತೆ ಹಿಡಿಯುವ ಒಂದು ಕಬ್ಬಿಣದ ನಾಲಿಗೆ ಇರುತ್ತದೆ. ಅದನ್ನು ಜರುಗಿಸಿದ್ದರೆ ಮತ್ತೆ ಅದರ ಜಾಗಕ್ಕೆ ಕೂರಿಸುವುದನ್ನು ಮರೆಯಬೇಡಿ. ಮರೆತರೆ ಬ್ಲೇಡು ಹಾಕಿದೊಡನೆ ಕ್ಲಚ್ಚೇ ತಿರುಗಿ ವೈರ್ ಕಿತ್ತುಹೋಗುತ್ತದೆ.

ಇನ್ನು ಫ್ಯಾನ್. ಅದು ಗೇರುಪೆಟ್ಟಿಗೆಯನ್ನು ತಂಪಾಗಿಡುವ ಪ್ಲಾಸ್ಟಿಕ್ ಫ್ಯಾನ್, ಪುಲ್ಲಿಯ ಮೇಲೆಯೇ ಕೂತಿರುತ್ತದೆ. ಇಡೀ ಬೆಲ್ಟನ್ನು ಒಮ್ಮೆಲೇ ಅದರ ಮೇಲಿಂದ ದಾಟಿಸಲು ಹೋದರೆ ಎಂದಿಗೂ ಆಗದು. ಬೆಲ್ಟಿನ ಒಂದು ಮಡಿಕೆಯನ್ನು ಒಂದು ರೆಕ್ಕೆಯ ಕೆಳಗೆ ತೂರಿಸಿ, ಫ್ಯಾನನ್ನು ಕೈಯಿಂದ ಸ್ವಲ್ಪ ತಿರುಗಿಸಿ, ಮುಂದಿನ ರೆಕ್ಕೆಯ ಕೆಳಗೆ ತೂರಿಸಿ. ಸೂಜಿಗೆ ಹೂವು ಪೋಣಿಸುವಷ್ಟು ತಾಳ್ಮೆ ಬೇಕು, ಆದರೆ ಐದು ನಿಮಿಷದ ಕೆಲಸ. ಸ್ಕ್ರೂಡ್ರೈವರಿನಿಂದ ಮೀಟಬೇಡಿ. ರೆಕ್ಕೆ ಮುರಿದರೆ ಏರಿನಲ್ಲಿ ಗೇರುಪೆಟ್ಟಿಗೆ ಕಾಯುತ್ತದೆ, ಅದರ ಬೆಲೆ ಬೆಲ್ಟಿನ ಬೆಲೆಯಲ್ಲ.

ಕೊನೆಯಲ್ಲಿ ಕೀಪರ್ ಕಡ್ಡಿಗಳು. ಪುಲ್ಲಿಗಳ ಬದಿಯಲ್ಲಿ ಬೆರಳಿನಂತೆ ಚಾಚಿದ ಕಬ್ಬಿಣದ ಕಡ್ಡಿಗಳಿವೆಯಲ್ಲ, ಸಡಿಲವಾದಾಗ ಬೆಲ್ಟು ಜಾಡು ಬಿಟ್ಟು ಹೋಗದಂತೆ ತಡೆಯುವುದು ಅವೇ. ಬೆಲ್ಟು ಕಡ್ಡಿಗೂ ಪುಲ್ಲಿಗೂ ನಡುವೆ ಇರಬೇಕು. ಒಂದು ಟಾರ್ಚು ಹಿಡಿದು ಇಡೀ ಸುತ್ತನ್ನು ಬೆರಳಿನಿಂದ ಸವರಿಕೊಂಡು ಬನ್ನಿ, ಎಲ್ಲೂ ತಿರುಚಿರಬಾರದು.

ಅಡಿಕೆ ತೋಟ (ಕೊಪ್ಪ) | ಗುರುವಾರ

ನಾನು ಊರಿನಲ್ಲಿರುವವನು, ನಮ್ಮಲ್ಲಿ ಮೋವರ್ ಇಲ್ಲ. ಆದರೆ ಪವರ್ ಟಿಲ್ಲರ್ ಇದೆ. ಎಂಜಿನ್ನಿನಿಂದ ಕ್ಲಚ್ಚಿಗೆ ಮೂರು ವಿ ಬೆಲ್ಟುಗಳು ಪಕ್ಕಪಕ್ಕದಲ್ಲಿ ಓಡುತ್ತವೆ. ಮೊನ್ನೆ ಗದ್ದೆಯಲ್ಲಿ ಒಂದು ಹರಿಯಿತು. ಒಂದನ್ನು ಮಾತ್ರ ಬದಲಿಸಿದರೆ ಸಾಕು ಎಂದು ನಮ್ಮ ಆಳು ಹೇಳುತ್ತಾನೆ. ಅಂಗಡಿಯವರು ಮೂರೂ ಬೇಕು ಎನ್ನುತ್ತಾರೆ. ಮಾರಾಟಕ್ಕಾಗಿ ಹೇಳುತ್ತಿದ್ದಾರೆಯೇ?

ಗಿರಣಿ ಮನೆ | ಗುರುವಾರ

ಅಂಗಡಿಯವರು ಸರಿಯಾಗಿಯೇ ಹೇಳಿದ್ದಾರೆ. ಉಳಿದೆರಡು ಬೆಲ್ಟುಗಳು ಈಗಾಗಲೇ ಎಳೆದುಕೊಂಡು ಸ್ವಲ್ಪ ಉದ್ದವಾಗಿರುತ್ತವೆ. ಹೊಸತೊಂದನ್ನು ನಡುವೆ ಹಾಕಿದರೆ ಅದೇ ಬಿಗಿಯಾಗಿ ಇಡೀ ಹೊರೆ ಹೊರುತ್ತದೆ, ಬೇಗ ಹರಿಯುತ್ತದೆ. ಒಂದೇ ತಯಾರಿಕೆಯ, ಒಂದೇ ಸಂಖ್ಯೆಯ ಮೂರನ್ನೂ ಜೊತೆಯಾಗಿ ಹಾಕಿ. ಹಳೆಯ ಎರಡರಲ್ಲಿ ಚೆನ್ನಾಗಿರುವುದನ್ನು ಮನೆಯಲ್ಲಿಡಿ, ಸುಗ್ಗಿಯ ನಡುವೆ ಒಂದು ದಿನ ದೂಡಲು ಬೇಕಾಗಬಹುದು.

ಹಾಕುವ ಮುನ್ನ ಪುಲ್ಲಿಯ ಜಾಡುಗಳನ್ನೂ ನೋಡಿ. ಬೆಲ್ಟು ಜಾಡಿನ ತಳವನ್ನು ಮುಟ್ಟಬಾರದು, ಪಕ್ಕಗಳ ಮೇಲೆ ಮಾತ್ರ ಕೂರಬೇಕು. ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಪುಲ್ಲಿಯೋ ಬೆಲ್ಟೋ ಸವೆದಿದೆ ಎಂದು ಅರ್ಥ. ಗದ್ದೆಯ ಕೆಸರು ಮರಳಿನಂತೆ ಉಜ್ಜುತ್ತದೆ, ಟಿಲ್ಲರಿನಲ್ಲಿ ಇದು ಮೋವರಿಗಿಂತ ಬೇಗ ಆಗುತ್ತದೆ.

ಕೆಂಪುಮಣ್ಣು | ಶನಿವಾರ ಮಧ್ಯಾಹ್ನ

ಬೆಟ್ಟದಂಚು ಅಕ್ಕ ಹೇಳಿದ ಕ್ರಮದಲ್ಲೇ ಮಾಡಿದೆ. ಎರಡು ಗಂಟೆಯಲ್ಲಿ ಮುಗಿಯಿತು. ಫ್ಯಾನಿನ ರೆಕ್ಕೆಗಳನ್ನು ಒಂದೊಂದಾಗಿ ದಾಟಿಸಿದೆ, ಒಂದೂ ಮುರಿಯಲಿಲ್ಲ. ಬೆಲ್ಟು ಬಿಗಿಯಾಗಿ ಕೂತಿದೆ, ಐಡ್ಲರುಗಳು ಸದ್ದಿಲ್ಲದೆ ತಿರುಗುತ್ತವೆ.

ಆದರೆ ಗಾಡಿ ಕದಲುತ್ತಿಲ್ಲ. ಎಂಜಿನ್ ಓಡುತ್ತದೆ, ಫ್ಯಾನ್ ತಿರುಗುವುದು ಕಾಣುತ್ತದೆ, ಗಾಡಿ ಓಡಿಸುವ ಪೆಡಲ್ ಪೂರ್ತಿ ಒತ್ತಿದರೂ ನಿಂತಲ್ಲೇ ನಿಂತಿದೆ. ಗೇರುಪೆಟ್ಟಿಗೆಯೇ ಹೋಗಿರಬಹುದೇ? ಬೆಳಿಗ್ಗೆಯಿಂದ ಇದ್ದ ಉತ್ಸಾಹವೆಲ್ಲ ಇಳಿದುಹೋಗಿದೆ.

ಗ್ಯಾರೇಜಿನವ | ಶನಿವಾರ

ಧೈರ್ಯವಾಗಿರಿ. ಬೆಲ್ಟು ಹರಿದ ದಿನ ಗಾಡಿಯನ್ನು ಗ್ಯಾರೇಜಿಗೆ ತಳ್ಳಿಕೊಂಡು ಬಂದಿರಾ? ತಳ್ಳುವಾಗ ಹಿಂಭಾಗದ ಸಣ್ಣ ಕಡ್ಡಿಯೊಂದನ್ನು ಎಳೆದು ಸಿಕ್ಕಿಸಿದ ನೆನಪಿದೆಯೇ?

ಕೆಂಪುಮಣ್ಣು | ಶನಿವಾರ, ಹತ್ತು ನಿಮಿಷದ ನಂತರ

ಹೌದು. ಆ ಕಡ್ಡಿ ಎಳೆದ ಸ್ಥಿತಿಯಲ್ಲೇ ಇತ್ತು. ಒಳಗೆ ತಳ್ಳಿದೆ. ಗಾಡಿ ಓಡುತ್ತಿದೆ!

ಗ್ಯಾರೇಜಿನವ | ಶನಿವಾರ

ಅದು ಗೇರುಪೆಟ್ಟಿಗೆಯ ಬೈಪಾಸ್ ಕಡ್ಡಿ. ಹೈಡ್ರೋಸ್ಟ್ಯಾಟಿಕ್‌ನಲ್ಲಿ ಒಳಗಿನ ಎಣ್ಣೆಯ ಒತ್ತಡವೇ ಚಕ್ರವನ್ನು ತಿರುಗಿಸುತ್ತದೆ, ಆ ಒತ್ತಡವೇ ಎಂಜಿನ್ ನಿಂತಾಗ ಚಕ್ರವನ್ನು ಹಿಡಿದೂ ಇಡುತ್ತದೆ. ಕಡ್ಡಿ ಎಳೆದರೆ ಎಣ್ಣೆ ಸುತ್ತಿಕೊಂಡು ಹೋಗಲು ದಾರಿಯಾಗುತ್ತದೆ, ಆಗ ತಳ್ಳಬಹುದು. ಗೇರುಪೆಟ್ಟಿಗೆ ಹೋಯಿತೆಂದು ಹೆದರಿ ರಿಪೇರಿಗೆ ಕಳುಹಿಸಿದ ಎರಡು ಗಾಡಿಗಳಲ್ಲಿ ಇದೇ ಕಡ್ಡಿ ಎಳೆದಿದ್ದುದನ್ನು ನಾನು ಕಂಡಿದ್ದೇನೆ.

ಕೆಂಪುಮಣ್ಣು | ಭಾನುವಾರ ಸಂಜೆ

ಇಡೀ ಅಂಗಳ ಮುಗಿಸಿದೆ. ಹುಲ್ಲು ಎಂಟು ಇಂಚು ಬೆಳೆದಿತ್ತು. ಒಮ್ಮೆಲೇ ಬೋಳಿಸದೆ ಡೆಕ್ಕನ್ನು ಎತ್ತರದಲ್ಲಿಟ್ಟು ಒಂದು ಸುತ್ತು ಬಂದೆ, ಬುಧವಾರ ಮೂರೂವರೆ ಇಂಚಿಗೆ ಇಳಿಸುತ್ತೇನೆ.

ಒಂದು ಚಿಕ್ಕ ತೊಂದರೆಯಿತ್ತು. ಪೆಡಲ್ ಬಿಟ್ಟಾಗಲೆಲ್ಲ ಟಕಟಕ ಶಬ್ದ. ಟಾರ್ಚು ಹಿಡಿದು ನೋಡಿದರೆ ಎಂಜಿನ್ ಪುಲ್ಲಿಯ ಬಳಿಯ ಒಂದು ಕೀಪರ್ ಕಡ್ಡಿಯ ಹೊರಗಿನಿಂದ ಬೆಲ್ಟು ಹೋಗಿತ್ತು. ಅಕ್ಕ ಹೇಳಿದ ಕೊನೆಯ ಪರೀಕ್ಷೆಯನ್ನು ಮುಂಭಾಗದಲ್ಲಿ ಮಾಡಿರಲಿಲ್ಲ. ಮತ್ತೆ ಬ್ಯಾಟರಿ ತಂತಿ ಬಿಚ್ಚಿ, ಬ್ರೇಕ್ ಹಾಕಿ, ಒಳಕ್ಕೆ ಸೇರಿಸಿದೆ. ಈಗ ಶಬ್ದವಿಲ್ಲ.

ಹಿತ್ತಲಿನ ಏರಿನಲ್ಲಿ ಕೊನೆಯ ಅರ್ಧ ಗಂಟೆ ಗಾಡಿ ಕೊಂಚ ನಿಧಾನವಾದಂತೆ ಅನಿಸಿತು. ಇದೂ ಬೆಲ್ಟಿನದೇ?

ಬೆಟ್ಟದಂಚು | ಭಾನುವಾರ ರಾತ್ರಿ

ತಣ್ಣಗಿದ್ದಾಗ ಚೆನ್ನಾಗಿ ಹತ್ತಿ, ಕಾದ ಮೇಲೆ ಸೋತರೆ ಅದು ಬಹುಮಟ್ಟಿಗೆ ಗೇರುಪೆಟ್ಟಿಗೆಯ ಎಣ್ಣೆಯ ಕಡೆಯದು, ಬೆಲ್ಟಿನದಲ್ಲ. ಬೆಲ್ಟು ಜಾರಿದರೆ ವಾಸನೆಯೋ ಕಿರುಚುವ ಶಬ್ದವೋ ಜೊತೆಗೆ ಬರುತ್ತದೆ. ಮನೆಬಳಕೆಯ ಮೋವರುಗಳ ಸೀಲ್ ಮಾಡಿದ ಗೇರುಪೆಟ್ಟಿಗೆ ಸಮತಟ್ಟಾದ ಹುಲ್ಲಿಗೆ ಮಾಡಿದ್ದು, ನಾಲ್ಕುನೂರು ಗಂಟೆಯ ಹತ್ತಿರ ಏರಿನಲ್ಲಿ ಸೋಲುವುದು ಹೊಸತೇನಲ್ಲ. ಮೊದಲು ಫ್ಯಾನಿನ ಕೆಳಗೂ ಗೇರುಪೆಟ್ಟಿಗೆಯ ರೆಕ್ಕೆಗಳ ನಡುವೆಯೂ ಕೂತ ಒಣ ಹುಲ್ಲನ್ನು ಗಾಳಿಯಿಂದ ಊದಿ ತೆಗೆಯಿರಿ, ನಮ್ಮದರಲ್ಲಿ ಅಷ್ಟರಿಂದಲೇ ಬಹಳ ವ್ಯತ್ಯಾಸವಾಯಿತು. ಏರನ್ನು ಗಾಡಿ ತಣ್ಣಗಿರುವಾಗ ಮೊದಲು ಮುಗಿಸಿ, ಸಮತಟ್ಟನ್ನು ಕೊನೆಗಿಡಿ. ಏರಿನಲ್ಲಿ ಅಡ್ಡಡ್ಡ ಹೋಗಬೇಡಿ, ಮೇಲೆ ಕೆಳಗೆ ಹೋಗಿ. ಪುಸ್ತಕದಲ್ಲಿ ಇಳಿಜಾರಿನ ಮಿತಿ ಎಷ್ಟು ಡಿಗ್ರಿ ಎಂದು ಬರೆದಿರುತ್ತದೆ, ಅದನ್ನು ದಾಟುವ ಜಾಗವಿದ್ದರೆ ಅಲ್ಲಿ ಹುಲ್ಲಿನ ಬದಲು ಗಿಡ ನೆಡಿ.

ಕೆಂಪುಮಣ್ಣು | ಮುಂದಿನ ಶನಿವಾರ

ಊದಿದಾಗ ಒಂದು ಬುಟ್ಟಿ ಒಣ ಹುಲ್ಲು ಬಂತು, ಅದರೊಳಗೆ ಇಲಿಯ ಹಳೆಯ ಗೂಡೂ ಇತ್ತು. ಇವತ್ತು ಏರನ್ನು ಮೊದಲು ಮುಗಿಸಿದೆ, ಎಲ್ಲೂ ಸೋಲಲಿಲ್ಲ. ಬೆಲ್ಟಿನ ಸಂಖ್ಯೆ, ಎರಡು ಐಡ್ಲರುಗಳ ಸಂಖ್ಯೆ, ಹಾಕಿದ ದಿನ ಮತ್ತು 391 ಗಂಟೆ ಎಂದು ಬಾನೆಟ್ಟಿನ ಒಳಗಡೆ ಮಾರ್ಕರಿನಿಂದ ಬರೆದಿದ್ದೇನೆ. ಅಡಿಕೆ ತೋಟದವರೇ, ನಿಮ್ಮ ಟಿಲ್ಲರ್ ಏನಾಯಿತು?

ಅಡಿಕೆ ತೋಟ (ಕೊಪ್ಪ) | ಶನಿವಾರ ರಾತ್ರಿ

ಮೂರೂ ಹೊಸ ಬೆಲ್ಟು ಹಾಕಿದೆವು. ಜಾಡು ನೋಡಿ ಎಂದಿದ್ದರಲ್ಲ, ನಡುವಿನದರ ತಳ ಹೊಳೆಯುತ್ತಿತ್ತು. ಪುಲ್ಲಿಯನ್ನು ಶಿವಮೊಗ್ಗದಿಂದ ತರಿಸಿದ್ದೇವೆ, ನಾಳೆ ಕೂರಿಸುತ್ತೇವೆ.